ನಿಧಾನದ ಸಾಲು

ಅವರ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಹೋಳಾಗಿ ಬೆಳೆಯುತ್ತಿತ್ತು. ಎಂದೋ ಒಂದು ಇಲಿ ಉಗುರಿನ ಬುಡಕ್ಕೇ ಕಚ್ಚಿದ್ದರಿಂದ ಹಾಗಾಗಿತ್ತಂತೆ. ಮಾತು ಕೇಳುವಾಗ ಆ ಸೀಳಿನ ಮೇಲೆ ತೋರುಬೆರಳನ್ನು ಉಜ್ಜುತ್ತಿರುತ್ತಿದ್ದರು. ಉಜ್ಜುವುದು ನಿಂತರೆ ನಮ್ಮಲ್ಲಿ ಯಾರಿಗೋ ಕಾದಿದೆ ಎಂದು ಎಲ್ಲರೂ ತಲೆ ತಗ್ಗಿಸುತ್ತಿದ್ದೆವು.

ತಾಂಡ್ಯದಲ್ಲಿ ಔಷಧಿಗಳನ್ನು ಪರೀಕ್ಷೆ ಮಾಡುವ ಒಂದು ಖಾಸಗಿ ಕಂಪನಿಯಲ್ಲಿ ಅವರು ಇಲಿಗಳ ವಿಭಾಗಕ್ಕೆ ಮುಖ್ಯಸ್ಥೆ. ನಾನು ತಿ. ನರಸೀಪುರದ ಪಕ್ಕದ ಹಳ್ಳಿಯವಳು. ಬಿ.ಎಸ್ಸಿ. ಮುಗಿಸಿ ಅವರ ಕೈಕೆಳಗೆ ಸಹಾಯಕಿಯಾಗಿ ಸೇರಿದೆ. ಬೆಳಿಗ್ಗೆ ನಂಜನಗೂಡಿನವರೆಗೆ ಬಸ್ಸು, ಅಲ್ಲಿಂದ ಆಟೊ. ಮೊದಲ ದಿನ ಅವ್ವ ಮುಡಿಸಿದ ಮಲ್ಲಿಗೆ ದಂಡೆ ಮುಡಿದುಕೊಂಡೇ ಹೋಗಿದ್ದೆ. ಬಾಗಿಲಲ್ಲೇ ನಿಲ್ಲಿಸಿ, ಹೂವನ್ನು ತಾವೇ ಕಿತ್ತು ಕಸದ ಡಬ್ಬಿಗೆ ಹಾಕಿದರು. ಇಲಿಗಳಿಗೆ ವಾಸನೆ ಹಿಡಿಸುವುದಿಲ್ಲವಂತೆ. ನನ್ನ ಹೆಸರು ಕೇಳಿದ್ದು ಅದಾದ ಮೇಲೆ.

ನಾವೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದೆವು. ಬೆನ್ನ ಹಿಂದೆ ಏನೇನೋ ಅನ್ನುತ್ತಿದ್ದೆವು. ಅವರ ಮನೆ ಮೈಸೂರಿನಲ್ಲಿ. ಗಂಡ ಮೇಷ್ಟ್ರಾಗಿ ನಿವೃತ್ತರಾದವರು, ಮಕ್ಕಳಿಲ್ಲ. ತಮ್ಮ ಹಳೆಯ ಕಾರನ್ನು ತಾವೇ ಓಡಿಸಿಕೊಂಡು ಎಲ್ಲರಿಗಿಂತ ಮೊದಲು ಬರುತ್ತಿದ್ದರು. ಪಂಜರ ತೊಳೆಯುವ ಒಬ್ಬ ಆಳಿಗೆ ಒಂದು ದಿನ ಕೆಲಸದ ನಡುವೆ ಫೋನು ಬಂತು. ಅವನ ಅಪ್ಪ ತೀರಿಕೊಂಡಿದ್ದ. ಅವನು ಗೋಡೆ ಹಿಡಿದು ನಿಂತಿದ್ದಾಗ ಮೇಡಂ ಕೇಳಿದ್ದು, ನೀರಿನ ಬಾಟಲಿಗಳನ್ನೆಲ್ಲ ತುಂಬಿಸಿ ಆಯಿತಾ ಎಂದು. ಅವನು ಅಳುತ್ತಲೇ ತುಂಬಿಸಿದ. ಆಮೇಲೆ ಹೋದವನು ಸಂಬಳಕ್ಕೂ ಬರಲಿಲ್ಲ.

ಕೆಲಸ ಕಲಿಸುವುದರಲ್ಲೂ ಹಾಗೆಯೇ. ಪ್ರಯೋಗ ಮುಗಿದ ಇಲಿಗಳನ್ನು ಕೊಂದು ಲಿವರ್ ತೆಗೆಯಬೇಕು. ಒಂದು ಸಣ್ಣ ಇಲಿಯ ಕತ್ತು ಮುರಿಯುವುದನ್ನು ನನ್ನ ಕೈಯಲ್ಲಿ ಮಾಡಿಸಿದರು. ಬೆಚ್ಚಗಿನ ಮೈ ಕೈಯೊಳಗೆ ಬಡಿದುಕೊಳ್ಳುತ್ತಿತ್ತು. ನನ್ನ ಹಿಡಿತ ಸಡಿಲವಾಯಿತು. ಅರ್ಧ ಮುರಿದ ಇಲಿ ಮೇಜಿನ ಮೇಲೆ ಬಿದ್ದು ಒದ್ದಾಡತೊಡಗಿತು. ಮೇಡಂ ಅದನ್ನು ಎತ್ತಿ ಕ್ಷಣದಲ್ಲಿ ಮುಗಿಸಿ, ನನ್ನ ಮುಂದೆ ಇಟ್ಟರು.

"ನಿನ್ನ ಮರುಕದಿಂದ ಇದು ಎರಡು ಸಲ ಸತ್ತಿತು" ಅಂದರು. "ಮರುಕ ಇದ್ದರೆ ಕೈ ಗಟ್ಟಿ ಇಟ್ಕೋ."

ಮರುಕ್ಷಣವೇ ಇನ್ನೊಂದು ಇಲಿ ತಂದು ನನ್ನ ಕೈಗಿಟ್ಟರು. ಆ ದಿನ ಬಸ್ಸಿನಲ್ಲಿ ನರಸೀಪುರದವರೆಗೂ ಅತ್ತೆ. ಕೈ ಮಾತ್ರ ಮತ್ತೆಂದೂ ಸಡಿಲವಾಗಲಿಲ್ಲ.

ಇಲಿಗಳ ಕೋಣೆಯಲ್ಲಿ ಪಂಜರಗಳ ಎರಡು ಸಾಲು ಇದ್ದವು. ಎರಡರಲ್ಲೂ ಬಿಳಿ ಮೈಯ, ಕೆಂಪು ಕಣ್ಣಿನ ಇಲಿಗಳು. ನೋಡಿದರೆ ಒಂದಕ್ಕೊಂದು ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ವ್ಯತ್ಯಾಸ ಇದ್ದದ್ದು ಲಿವರಿನೊಳಗೆ. ನಾವು ನುಂಗುವ ಔಷಧಿಯನ್ನು ಒಡೆದು ಮೈಯಿಂದ ಆಚೆ ಕಳಿಸಲು ಲಿವರಿನಲ್ಲಿ ಕಿಣ್ವಗಳು ಇರುತ್ತವೆ. ಒಂದು ಸಾಲಿನ ಇಲಿಗಳಲ್ಲಿ ಆ ಕಿಣ್ವ ಚುರುಕು. ಇನ್ನೊಂದು ಸಾಲಿನವಕ್ಕೆ ಹುಟ್ಟಿನಿಂದಲೇ ಮಂದ. ಮೇಡಂ ಅವನ್ನು ಬೇಗದ ಸಾಲು, ನಿಧಾನದ ಸಾಲು ಎಂದು ಕರೆಯುತ್ತಿದ್ದರು. ಎರಡು ಬಚ್ಚಲಿಗೆ ಒಂದೇ ಸಮ ನೀರು ಹುಯ್ದರೆ, ತೂಬು ಚಿಕ್ಕದಿರುವ ಬಚ್ಚಲಲ್ಲಿ ನೀರು ನಿಂತುಬಿಡುತ್ತದಲ್ಲ, ಹಾಗೆ ಎಂದು ಹೇಳಿಕೊಟ್ಟಿದ್ದರು. ನಿಧಾನದ ಇಲಿಗಳಲ್ಲಿ ಔಷಧಿ ನಿಂತು ನಿಂತು ಲಿವರನ್ನೇ ಸುಡುತ್ತಿತ್ತು. ಅವರು ಹೆಚ್ಚಾಗಿ ನೋಡುತ್ತಿದ್ದದ್ದು ಕ್ಷಯಕ್ಕೆ, ಅಂದರೆ ಟಿ.ಬಿ.ಗೆ ಕೊಡುವ ಒಂದು ಔಷಧಿಯನ್ನು. ಮನುಷ್ಯರಲ್ಲೂ ಇದೇ ಎರಡು ಸಾಲು ಇವೆ, ನಮ್ಮ ಕಡೆ ನಿಧಾನದವರೇ ಜಾಸ್ತಿ ಎನ್ನುತ್ತಿದ್ದರು. ನಿಧಾನದವರಿಗೆಲ್ಲ ಕೆಡುಕಾಗುವುದಿಲ್ಲ, ಕೆಲವರಿಗೆ ಆಗುತ್ತದೆ, ಯಾರಿಗೆ ಎಂದು ಮುಂಚೆ ಹೇಳಲಾಗುವುದಿಲ್ಲ, ಅದೇ ತೊಂದರೆ ಎನ್ನುತ್ತಿದ್ದರು.

ದಿನಾ ಬೆಳಿಗ್ಗೆ ಇಲಿಗಳು ತಿಂದು ಉಳಿಸಿದ ಆಹಾರವನ್ನು ತೂಕ ಹಾಕುವುದು ನನ್ನ ಕೆಲಸ. ಲಿವರ್ ಕೆಡುತ್ತಿದೆ ಅನ್ನುವುದಕ್ಕೆ ಅದೇ ಮೊದಲ ಗುರುತು. "ಮೊದಲು ಊಟ ಬಿಡ್ತವೆ. ಮಿಕ್ಕಿದ್ದೆಲ್ಲ ಆಮೇಲೆ" ಎಂದು ಮೇಡಂ ಎಷ್ಟು ಸಲ ಹೇಳಿದ್ದರೋ.

ನನ್ನ ಅಕ್ಕನನ್ನು ಹದಿನಾರು ಅನ್ನುವ ಊರಿಗೆ ಕೊಟ್ಟಿತ್ತು. ಭಾವನದು ಬೇಸಾಯದ ಮನೆ, ಜೊತೆಗೆ ಹಸು ಕಟ್ಟಿ ಡೈರಿಗೆ ಹಾಲು ಹಾಕುತ್ತಿದ್ದರು. ಮಗಳು ಎರಡನೇ ಕ್ಲಾಸಿನಲ್ಲಿದ್ದಳು. ಅವಳ ಮೇಲೆ ಒಂದು ಗಂಡಾಗಲಿ ಎಂದು ಅಕ್ಕನ ಅತ್ತೆ ಕಂಡ ದೇವರಿಗೆಲ್ಲ ಹರಕೆ ಕಟ್ಟಿದ್ದರು. ಆ ವರ್ಷ ಅಕ್ಕನಿಗೆ ಕೆಮ್ಮು ಹಿಡಿದು ಬಿಡಲಿಲ್ಲ. ಕಫ ಪರೀಕ್ಷೆ ಮಾಡಿ ಟಿ.ಬಿ. ಅಂದರು. ಸರ್ಕಾರದ ಮಾತ್ರೆ ಶುರುವಾಯಿತು. ಒಂದು ದಿನವೂ ತಪ್ಪಿಸಬೇಡಿ, ತಪ್ಪಿಸಿದರೆ ಕಾಯಿಲೆ ಮೊಂಡು ಬೀಳುತ್ತದೆ ಎಂದು ಭಾವನಿಗೆ ಹೇಳಿ ಕಳಿಸಿದ್ದರು. ವಾಂತಿಯಾದರೆ, ಕಣ್ಣು ಹಳದಿಯಾದರೆ ಕೂಡಲೇ ಬನ್ನಿ ಎಂದೂ ಹೇಳಿದ್ದರಂತೆ. ಭಾವನಿಗೆ ಮೊದಲನೆಯದು ಮಾತ್ರ ತಲೆಯಲ್ಲಿ ನಿಂತಿತು. ಅವನು ಕೆಟ್ಟವನಲ್ಲ. ಬೆಳಿಗ್ಗೆ ಹಾಲು ಕರೆದು ಬಂದು, ಕೈ ತೊಳೆದು, ಮಾತ್ರೆಯನ್ನು ತಾನೇ ಅವಳ ಅಂಗೈಯಲ್ಲಿ ಇಟ್ಟು, ನುಂಗುವವರೆಗೂ ಎದುರಿಗೆ ನಿಂತಿರುತ್ತಿದ್ದ.

ಕೆಲವು ವಾರ ಕಳೆದ ಮೇಲೆ ಅಕ್ಕನಿಗೆ ಅನ್ನ ಕಂಡರೆ ಆಗದಂತಾಯಿತು. ಬೆಳಿಗ್ಗೆ ಎದ್ದರೆ ವಾಕರಿಕೆ, ಒಗ್ಗರಣೆಯ ವಾಸನೆಗೆ ವಾಂತಿ. ಅತ್ತೆಯ ಮುಖ ಅರಳಿತು. ಸೊಸೆ ಬಸುರಿ ಎಂದು ಬೀದಿಗೆಲ್ಲ ಹೇಳಿದರು. ಕಜ್ಜಾಯ ಮಾಡಿ ನಮ್ಮ ಮನೆಗೂ ಕಳಿಸಿದರು. ನಾನು ಅದನ್ನು ಡಬ್ಬಿಗೆ ತುಂಬಿಕೊಂಡು ಕೆಲಸಕ್ಕೆ ಒಯ್ದೆ.

ಚಹಾದ ಹೊತ್ತಿನಲ್ಲಿ ಎಲ್ಲರಿಗೂ ಹಂಚಿ, ಧೈರ್ಯ ಮಾಡಿ ಮೇಡಂಗೂ ಒಂದು ಕೊಟ್ಟೆ. ಏನು ವಿಶೇಷ ಎಂದು ಕೇಳಿದರು. ಹೇಳಿದೆ. ಹೆಬ್ಬೆರಳು ಉಜ್ಜುವುದು ನಿಂತಿತು. ಟಿ.ಬಿ. ಮಾತ್ರೆ ತೆಗೆದುಕೊಳ್ಳುತ್ತಿರುವ ಅಕ್ಕನೇ ಅಲ್ಲವಾ ಎಂದರು. ಹೌದೆಂದೆ. ಬಸಿರು ಎಂದು ಯಾವ ಡಾಕ್ಟರು ನೋಡಿ ಹೇಳಿದ್ದು ಎಂದರು. ಯಾರೂ ನೋಡಿರಲಿಲ್ಲ. ಮುಟ್ಟು ಕಾಯಿಲೆ ಬಂದಾಗಿನಿಂದಲೇ ಸರಿಯಾಗಿ ಆಗುತ್ತಿರಲಿಲ್ಲ. ಕೊನೆಗೆ ಅವಳ ಉಚ್ಚೆಯ ಬಣ್ಣ ಯಾವುದು ಎಂದು ಅಷ್ಟು ಜನರ ಎದುರಿಗೆ ಕೇಳಿದರು. ನಾಚಿಕೆಯಾಗಿ ನಕ್ಕುಬಿಟ್ಟೆ.

"ಅದು ಬಸಿರಲ್ಲ. ಲಿವರ್ ಹೋಗ್ತಿದೆ. ನೀನು ಸಿಹಿ ಹಂಚ್ತಾ ಇದೀಯ" ಅಂದರು.

ಕಜ್ಜಾಯವನ್ನು ಮೇಜಿನ ಮೇಲಿಟ್ಟು ಕಾರಿನ ಕೀಲಿ ತೆಗೆದುಕೊಂಡರು. ನಾನು ಸುಮ್ಮನೆ ಹಿಂದೆ ಹೋದೆ. ಅಕ್ಕನ ಊರಿಗೆ ದಾರಿ ತೋರಿಸಿದೆ. ಈ ಹೆಂಗಸಿಗೆ ಒಂದು ಮನೆಯ ಸಂತೋಷವನ್ನೂ ನೋಡಲಾಗುವುದಿಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಅಕ್ಕ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವಳ ಅತ್ತೆ ಮಜ್ಜಿಗೆ ತಂದರು. ಮೇಡಂ ಲೋಟ ಮುಟ್ಟದೆ, ಅಕ್ಕನ ರಟ್ಟೆ ಹಿಡಿದು ಕೊಟ್ಟಿಗೆಯ ಮುಂದಿನ ಬಿಸಿಲಿಗೆ ಕರೆದುಕೊಂಡು ಹೋದರು. ಕಣ್ಣಿನ ಕೆಳರೆಪ್ಪೆ ಎಳೆದರು. ಬಿಳಿ ಇರಬೇಕಾದಲ್ಲಿ ಅರಿಸಿನ ಕದಡಿದ ಹಾಗಿತ್ತು. ಬಲಗಡೆ ಪಕ್ಕೆಲುಬಿನ ಕೆಳಗೆ ಒತ್ತಿದಾಗ ಅಕ್ಕ ಹಲ್ಲು ಕಚ್ಚಿದಳು. ಮಾತ್ರೆ ನುಂಗಿದರೆ ಉಚ್ಚೆ ಕೆಂಪಗಾಗುತ್ತದೆ ಎಂದು ನರ್ಸು ಹೇಳಿದ್ದರಂತೆ, ಅದಕ್ಕೇ ಅವಳು ಗಮನಿಸಿರಲಿಲ್ಲ. ಈಗ ಹೇಗಿದೆ ಎಂದು ಕೇಳಿದ್ದಕ್ಕೆ, ಕಾಫಿ ಡಿಕಾಕ್ಷನ್ ಇದ್ದ ಹಾಗಿದೆ ಅಂದಳು.

ಈಗಲೇ ಕಾರು ಹತ್ತಲಿ, ಮೈಸೂರಿಗೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದರು ಮೇಡಂ. ಮೂರು ತಿಂಗಳು ತುಂಬುವವರೆಗೆ ಬಸುರಿಯನ್ನು ಗಾಡಿ ಹತ್ತಿಸುವುದಿಲ್ಲ ಎಂದು ಅತ್ತೆ ಅಡ್ಡ ನಿಂತರು.

"ಅಜ್ಜಿ, ಒಳಗೆ ಮಗು ಇಲ್ಲ" ಅಂದರು ಮೇಡಂ. ಧ್ವನಿ ಏರಿಸಲೂ ಇಲ್ಲ, ತಗ್ಗಿಸಲೂ ಇಲ್ಲ. ಪಕ್ಕದ ಮನೆಯವರು ಬಂದು ನಿಂತಿದ್ದರು. ಅತ್ತೆಯ ಕೈಯಲ್ಲಿದ್ದ ಮಜ್ಜಿಗೆ ಲೋಟ ವಾಲಿ ಸೀರೆ ನೆನೆಯಿತು.

ಅಷ್ಟರಲ್ಲಿ ಭಾವ ಡೈರಿಯಿಂದ ಖಾಲಿ ಕ್ಯಾನು ಹಿಡಿದು ಬಂದ. ನಾಳೆಯಿಂದ ಮಾತ್ರೆ ಕೊಡಬೇಡ ಎಂದು ಮೇಡಂ ಹೇಳಿದ್ದೇ ಅವನು ಕ್ಯಾನನ್ನು ನೆಲಕ್ಕೆ ಕುಕ್ಕಿದ.

"ಇಲಿ ಸಾಯ್ಸೋರ ಮಾತ್ ಕೇಳ್ಕಂಡು ನನ್ ಎಂಡ್ತಿ ಮಾತ್ರೆ ಬುಡುಸ್ಲಾ ನಾನು?" ಅಂದ. "ಒಂದ್ ದಿನ ಬುಡ್ಬೇಡಿ ಅಂತ ಬರ್ದೋರು ಡಾಕ್ಟ್ರು. ನೀವ್ಯಾರು ಮೇಡಂ?"

ಬೆಳಿಗ್ಗೆ ಆಶಾ ಕಾರ್ಯಕರ್ತೆ ಬರುತ್ತಾಳೆ, ಅವಳನ್ನೇ ಕೇಳಿ ನೋಡುತ್ತೇನೆ ಎಂದ. ನಾನು ಅವನ ಕಾಲು ಹಿಡಿಯುವುದೊಂದು ಬಾಕಿ. ಮೇಡಂ ವಾದ ಮಾಡಲಿಲ್ಲ. ಇನ್ನೊಂದು ಮಾತ್ರೆ ಕೊಟ್ಟರೆ ಕೈಯಾರೆ ಕೊಂದ ಹಾಗೆ ಎಂದು ಒಂದೇ ಸಲ ಹೇಳಿ ಕಾರಿನ ಕಡೆ ನಡೆದರು. ಅಕ್ಕ ಹಿಂದೆಯೇ ಬಂದು, ಕಾರಿನ ಬಾಗಿಲು ಹಿಡಿದುಕೊಂಡಳು.

"ನಾನು ಉಳ್ಕತೀನಾ ಮೇಡಂ?"

ಇನ್ಯಾರಾದರೂ ಆಗಿದ್ದರೆ, ಏನೂ ಆಗುವುದಿಲ್ಲ ಕಣಮ್ಮ, ಧೈರ್ಯವಾಗಿರು ಅನ್ನುತ್ತಿದ್ದರು. ಮೇಡಂ ಅವಳ ಹಳದಿ ಕಣ್ಣುಗಳನ್ನೇ ನೋಡಿದರು.

"ಗೊತ್ತಿಲ್ಲ. ಹೋದ ವಾರ ಕೇಳಿದ್ದರೆ ಹೂಂ ಅಂತಿದ್ದೆ."

ಅಕ್ಕ ಬಾಗಿಲು ಬಿಟ್ಟಳು. ಸೆರಗಿನ ಅಂಚನ್ನು ಬಾಯಿಗೆ ಒತ್ತಿಕೊಂಡು, ಮಗಳು ಸ್ಕೂಲಿನಿಂದ ಬರುವ ದಾರಿಯ ಕಡೆ ತಿರುಗಿ ನಿಂತಳು. ಆ ಉತ್ತರವನ್ನು ನಾನು ಬಹಳ ವರ್ಷ ಕ್ಷಮಿಸಲಿಲ್ಲ. ಈಗಲೂ ಪೂರ್ತಿ ಕ್ಷಮಿಸಿದ್ದೇನೆಂದು ಹೇಳಲಾರೆ.

ಮಾರನೆಯ ಬೆಳಿಗ್ಗೆ ಆಶಾ ಕಾರ್ಯಕರ್ತೆ ಬರುವ ಮುಂಚೆಯೇ ಭಾವ ಎಂದಿನಂತೆ ಮಾತ್ರೆ ಕೊಟ್ಟಿದ್ದ. ಆಕೆ ಬಂದವಳೇ ಅಕ್ಕನ ಕಣ್ಣು ನೋಡಿ ಬೆಚ್ಚಿ ಗಾಡಿ ತರಿಸಿದಳು. ಮೈಸೂರು ಮುಟ್ಟುವ ಹೊತ್ತಿಗೆ ಅಕ್ಕ ಹಗಲನ್ನು ರಾತ್ರಿ ಅನ್ನುತ್ತಿದ್ದಳು, ನನ್ನನ್ನು ಅವ್ವಾ ಎಂದು ಕರೆಯುತ್ತಿದ್ದಳು. ಸ್ಕ್ಯಾನ್ ಮಾಡಿದರು. ಹೊಟ್ಟೆಯಲ್ಲಿ ಮಗು ಇರಲಿಲ್ಲ. ಅದನ್ನು ಕೇಳಿದ ಅವಳ ಅತ್ತೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ತಲೆ ಚಚ್ಚಿಕೊಂಡರು. ಅವರು ಅತ್ತದ್ದು ಸೊಸೆಗೋ, ಹುಟ್ಟದ ಮೊಮ್ಮಗನಿಗೋ ಎಂದು ನಾನು ಇಂದಿಗೂ ತಿಳಿಯೆ. ಅಕ್ಕ ಮತ್ತೆ ಸರಿಯಾಗಿ ಎಚ್ಚರಾಗಲಿಲ್ಲ. ಆ ವಾರ ದಾಟಲಿಲ್ಲ.

ತಿಥಿಯ ದಿನ ಅಕ್ಕನ ಫೋಟೋದ ಮುಂದೆ ಎಡೆ ಇಟ್ಟು ಕೈ ಮುಗಿದು ಎಲ್ಲರೂ ಎಲೆಗೆ ಕೂರುವ ಹೊತ್ತು. ಮೇಡಂ ಕಾರು ಬಂದು ನಿಂತಿತು. ಕೈಯಲ್ಲಿ ಒಂದು ಫ್ಲಾಸ್ಕು, ಎರಡು ಪ್ಲಾಸ್ಟಿಕ್ ಬಾಟಲಿ. ಫೋಟೋದ ಕಡೆ ಒಂದು ಸಲ ನೋಡಿದರು. ಆಮೇಲೆ ನನ್ನನ್ನು ಕರೆದು, ನೀನೂ ಅಕ್ಕನ ಮಗಳೂ ನಿನ್ನೆಯಿಂದ ಕಾಫಿ ಕುಡಿದಿದ್ದೀರಾ ಎಂದು ಕೇಳಿದರು. ಸಾವಿನ ಮನೆಯಲ್ಲಿ ಯಾರಿಗೆ ಬೇಕಿತ್ತು ಕಾಫಿ. ಇಲ್ಲ ಎಂದೆ. ಹಾಗಾದರೆ ಇಬ್ಬರೂ ಇದನ್ನು ಕುಡಿಯಿರಿ, ಕೆಲವು ಗಂಟೆ ಆದ ಮೇಲೆ ಈ ಬಾಟಲಿಗಳಲ್ಲಿ ಉಚ್ಚೆ ಹಿಡಿದು ಕೊಡಿ ಎಂದರು. ಕಾಫಿಯನ್ನು ಒಡೆಯುವ ದಾರಿಯಲ್ಲೂ ಅದೇ ಕಿಣ್ವದ ಪಾಲಿದೆ, ಉಚ್ಚೆಯಲ್ಲಿ ನೋಡಿದರೆ ಅದು ಚುರುಕೋ ಮಂದವೋ ಗೊತ್ತಾಗುತ್ತದೆ ಎಂದು ನಾನು ಲ್ಯಾಬಿನಲ್ಲಿ ಕೇಳಿದ್ದೆ. ಊಟಕ್ಕೆ ಕೂತಿದ್ದವರಿಗೆ ಅದು ಯಾವುದೂ ಗೊತ್ತಿರಲಿಲ್ಲ.

"ತಿಥಿ ಮನೇಲಿ ಉಚ್ಚೆ ಕೇಳಕ್ ಬಂದವ್ಳಲ್ಲ, ಇವ್ಳೇನ್ ಎಂಗ್ಸಾ?" ಎಂದು ಯಾರೋ ಅಂದರು. ಭಾವ ಎದ್ದು ಬಂದ. ಅವನ ಮುಖ ನೋಡಿ ನಾನು ಹೆದರಿದೆ. ಆಗ ನನ್ನ ಅವ್ವ ನಡುವೆ ಬಂದು ನಿಂತಳು. ಇದರಿಂದ ಏನು ತಿಳಿಯುತ್ತದೆ ಎಂದು ಮೇಡಂನ ಕೇಳಿದಳು.

"ಈ ಮಗುಗೆ ನಾಳೆ ಅದೇ ಕಾಯಿಲೆ ಬಂದರೆ, ಅದೇ ಮಾತ್ರೆ ಕೊಟ್ಟರೆ, ಅವಳಿಗೂ ಹೀಗೇ ಆಗೋ ಅಪಾಯ ಇದೆಯಾ ಅಂತ ಸುಳಿವು ಸಿಗುತ್ತೆ. ಅಷ್ಟೇ."

ಅವ್ವ ಫ್ಲಾಸ್ಕು ಇಸಿದುಕೊಂಡು, ಲೋಟಕ್ಕೆ ಬಗ್ಗಿಸಿ, ಮೊಮ್ಮಗಳ ಬಾಯಿಗೆ ಹಿಡಿದಳು. ಕಹಿ ಎಂದು ಮಗು ಮುಖ ತಿರುಗಿಸಿದಾಗ ಗಲ್ಲ ಹಿಡಿದು ಕುಡಿಸಿದಳು.

ಮೇಡಂ ಜಗಲಿಯ ತುದಿಯಲ್ಲಿ ಕಾದು ಕೂತರು. ಅವರ ಎದುರಿಗೇ ಪಂಕ್ತಿ ಮೇಲೆ ಪಂಕ್ತಿ ಊಟ ನಡೆಯಿತು. ಯಾರೂ ಒಂದು ಲೋಟ ನೀರೂ ಕೊಡಲಿಲ್ಲ. ನಾನೂ ಕೊಡಲಿಲ್ಲ. ಹೊತ್ತು ಇಳಿಯುವಾಗ ಬಾಟಲಿಗಳನ್ನು ತೆಗೆದುಕೊಂಡು, ಮುಚ್ಚಳ ಬಿಗಿ ಇದೆಯಾ ಎಂದು ನೋಡಿ ಹೊರಟು ಹೋದರು.

ನಾನು ಕೆಲಸ ಬಿಡಲಿಲ್ಲ. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ ಅನಿಸಿತು. ಹಿಂದಿರುಗಿದ ದಿನ ಮೇಡಂ ನಿಂತಲ್ಲೇ ಹೇಳಿದರು, ಇಬ್ಬರೂ ನಿಧಾನದ ಸಾಲಿನವರು ಎಂದು. ಹುಷಾರಾಗಿರಿ ಎಂದು ಕೂಡ ಅನ್ನಲಿಲ್ಲ. ಬದಲಿಗೆ ಮಗು ಬಾಯಿಪಾಠ ಮಾಡಬೇಕಾದ ಒಂದು ಮಾತು ಹೇಳಿಕೊಟ್ಟರು. ಕಾಗದ ಕಳೆದುಹೋಗುತ್ತದೆ, ದೊಡ್ಡವರು ಮರೆಯುತ್ತಾರೆ, ಅವಳ ಬಾಯಲ್ಲೇ ಇರಲಿ ಎಂದರು. ಮಾತು ಇಷ್ಟು: ಟಿ.ಬಿ. ಮಾತ್ರೆ ನನ್ನ ಮೈಯಲ್ಲಿ ನಿಧಾನವಾಗಿ ಒಡೆಯುತ್ತೆ, ನಮ್ಮಮ್ಮ ಅದರಿಂದಲೇ ಸತ್ತಳು, ನನ್ನ ಲಿವರ್ ನೋಡಿಕೊಂಡು ಕೊಡಿ.

ನಡುವಿನದನ್ನು ಬಿಡಿಸೋಣ ಮೇಡಂ, ಇನ್ನೂ ಮಗು ಎಂದು ಬೇಡಿಕೊಂಡೆ.

"ಅದನ್ನು ಕೇಳಿದರೇ ಡಾಕ್ಟರು ಪೆನ್ನು ಕೆಳಗಿಡೋದು" ಅಂದರು. "ಅದು ಇರಲಿ."

ನಾನೇ ಕಲಿಸಿದೆ. ಭಾನುವಾರ ಭಾನುವಾರ ಹದಿನಾರಿಗೆ ಹೋಗಿ, ತೊಡೆಯ ಮೇಲೆ ಕೂರಿಸಿಕೊಂಡು ಹೇಳಿಸುತ್ತಿದ್ದೆ. ಮೊದಮೊದಲು ನಡುವಿನ ಮಾತಿಗೆ ಬಂದಾಗ ಅಳುತ್ತಿದ್ದಳು. ಬರಬರುತ್ತಾ ಮಗ್ಗಿ ಹೇಳಿದಂತೆ ಹೇಳತೊಡಗಿದಳು. ಅವಳು ಅಳದೆ ಹೇಳಿದ ದಿನ ನಾನು ಹಿತ್ತಲಿಗೆ ಹೋಗಿ ಅತ್ತೆ.

ವರ್ಷ ತುಂಬುವುದರೊಳಗೆ ಅವಳ ಕತ್ತಿನಲ್ಲಿ ಗಂಟು ಕಾಣಿಸಿತು. ಅಮ್ಮನಿಂದ ಹತ್ತಿದ್ದೇ ಇರಬೇಕು. ಟಿ.ಬಿ. ಗಂಟು ಎಂದು ಖಾತ್ರಿಯಾದ ದಿನ ಭಾವ, ನಾನು, ಮಗು ಡಾಕ್ಟರ ಮುಂದೆ ಕೂತಿದ್ದೆವು. ಡಾಕ್ಟರು ಮಾತ್ರೆ ಬರೆಯಲು ಶುರುಮಾಡಿದಾಗ ಮಗು ಕುರ್ಚಿಯಿಂದ ಇಳಿದು, ಕೈ ಕಟ್ಟಿ ನಿಂತು, ಸ್ಕೂಲಿನಲ್ಲಿ ಪದ್ಯ ಒಪ್ಪಿಸುವ ಹಾಗೆ ಅಷ್ಟನ್ನೂ ಒಪ್ಪಿಸಿತು. ಡಾಕ್ಟರು ಪೆನ್ನು ಕೆಳಗಿಟ್ಟರು. ಯಾರು ಹೇಳಿಕೊಟ್ಟದ್ದು ಎಂದು ಕೇಳಿದರು. ನಾನು ಹೇಳಿದೆ. ಅವರು ಮೇಡಂಗೆ ಫೋನು ಮಾಡಿ ಬಹಳ ಹೊತ್ತು ಮಾತಾಡಿದರು. ಎಲ್ಲ ಔಷಧಿ ಸೇರಿದ ಒಂದೇ ಮಾತ್ರೆಯ ಬದಲು ಬಿಡಿಬಿಡಿಯಾಗಿ ಕೊಟ್ಟು, ಲಿವರಿಗೆ ಕೆಡುಕು ಮಾಡುವ ಆ ಒಂದರ ಪ್ರಮಾಣ ತಗ್ಗಿಸಿ, ವಾರ ವಾರ ರಕ್ತ ಪರೀಕ್ಷೆ ಮಾಡಿಸಿದರು. ಭಾವ ಪ್ರತಿ ಸಲ ಮಾತ್ರೆ ಕೊಡುವಾಗ ಮಗಳ ಕಣ್ಣನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಒಮ್ಮೆಯೂ ಹಳದಿಯಾಗಲಿಲ್ಲ. ಗಂಟು ಕರಗಿತು. ಭಾವ ಒಂದು ದಿನ ಗಿಣ್ಣು ಹಾಲು ತೆಗೆದುಕೊಂಡು ತಾಂಡ್ಯಕ್ಕೆ ಬಂದು ಗೇಟಿನಲ್ಲಿ ಕಾದ. ಮೇಡಂ ಹೊರಗೆ ಬರಲಿಲ್ಲ. ಕೆಲಸ ಇದೆ, ಹೋಗೋಕೆ ಹೇಳು ಎಂದರು.

ಆಮೇಲೆ ಕಂಪನಿ ಇಲಿಗಳ ವಿಭಾಗವನ್ನು ಮುಚ್ಚಿತು. ನಾನು ಬೇರೆ ಕೆಲಸ ಹಿಡಿದೆ. ಮೇಡಂಗೆ ಲಕ್ವ ಹೊಡೆದು ಮೈಸೂರಿನ ಮನೆಯಲ್ಲಿ ಮಲಗಿದ್ದಾರೆ ಎಂದು ತಿಳಿದು, ಹೋದ ವರ್ಷ ಹುಡುಗಿಯನ್ನೂ ಕರೆದುಕೊಂಡು ಹೋದೆ. ಅವಳು ಹೈಸ್ಕೂಲಿಗೆ ಬಂದಿದ್ದಳು. ಮೇಷ್ಟ್ರು ಬಾಗಿಲು ತೆಗೆದು, ನೋಡಲು ಯಾರೂ ಬರುವುದಿಲ್ಲಮ್ಮ, ಬಂದವರನ್ನು ಇವಳೂ ಇರಗೊಡುವುದಿಲ್ಲ ಎಂದರು. ಮೇಡಂನ ಬಾಯಿ ಒಂದು ಕಡೆ ವಾಲಿತ್ತು. ಮಾತು ತೊದಲಿದರೂ ತಿಳಿಯುತ್ತಿತ್ತು. ಹುಡುಗಿಯನ್ನು ಗುರುತು ಹಿಡಿದು ಹತ್ತಿರ ಕರೆದರು. ನಾನು ಎಷ್ಟೋ ಕಾಲದಿಂದ ಎದೆಯಲ್ಲಿಟ್ಟುಕೊಂಡಿದ್ದನ್ನು ಆಗ ಹೇಳಿದೆ. ನಿಮ್ಮಿಂದಲೇ ಇವಳು ಬದುಕಿದ್ದಾಳೆ ಮೇಡಂ ಎಂದೆ.

"ಹಾಗಂತ ಹೇಳೋಕಾಗಲ್ಲ" ಅಂದರು. ಉಸಿರು ತೆಗೆದುಕೊಂಡು ಮುಂದುವರಿಸಿದರು. "ಪೂರ್ತಿ ಮಾತ್ರೆ ಕೊಟ್ಟಿದ್ದರೂ ಬದುಕ್ತಿದ್ದಳೇನೋ. ಗೊತ್ತಾಗಬೇಕಿದ್ದರೆ ಇಂಥವಳೇ ಇನ್ನೊಬ್ಬಳಿಗೆ ಪೂರ್ತಿ ಕೊಟ್ಟು ನೋಡಬೇಕಿತ್ತು. ಇಲಿ ಆಗಿದ್ದರೆ ನೋಡ್ತಿದ್ದೆ."

ಹುಡುಗಿ ನನ್ನ ಮುಖ ನೋಡಿದಳು. ನನಗೆ ಕೋಪವೂ ಬರಲಿಲ್ಲ, ಬೇಸರವೂ ಆಗಲಿಲ್ಲ. ಮೇಡಂ ನನ್ನ ಕೃತಜ್ಞತೆಯನ್ನು ಕೂಡ ತೂಕ ಹಾಕಿ, ಇದು ಸಾಲದು ಎಂದು ಪಕ್ಕಕ್ಕೆ ಇಟ್ಟಿದ್ದರು.

ಈ ವರ್ಷ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮೇಷ್ಟ್ರು ಬೆಳಿಗ್ಗೆ ಫೋನು ಮಾಡಿದರು. ಹುಡುಗಿ ತಾನೂ ಬರುತ್ತೇನೆ ಚಿಕ್ಕವ್ವ ಎಂದಳು. ಅಲ್ಲಿ ಮೇಷ್ಟ್ರು, ಅವರ ತಮ್ಮ, ಒಬ್ಬಿಬ್ಬರು ಅಕ್ಕಪಕ್ಕದವರು ಬಿಟ್ಟರೆ ಯಾರೂ ಇರಲಿಲ್ಲ. ನಮ್ಮ ಲ್ಯಾಬಿನವರಿಗೆ ನಾನೇ ತಿಳಿಸಿದ್ದೆ, ಒಬ್ಬರೂ ಬಂದಿರಲಿಲ್ಲ. ಬಾಯಿಗೆ ಅಕ್ಕಿ ಹಾಕಲು ಹೇಳಿದಾಗ ನಾನು ಹಿಂದೆ ಸರಿದೆ. ಹುಡುಗಿ ಮುಂದೆ ಹೋಗಿ ಹಾಕಿ ಬಂದಳು. ಇಬ್ಬರಿಗೂ ಅಳು ಬರಲಿಲ್ಲ.

ಎಲ್ಲ ಮುಗಿದು ಬಸ್ ನಿಲ್ದಾಣಕ್ಕೆ ಬರುವ ಹೊತ್ತಿಗೆ ಹುಡುಗಿ ಹಸಿವು ಎಂದಳು. ಹೋಟೆಲಿನಲ್ಲಿ ಕೂರಿಸಿದೆ. ಇಡ್ಲಿ ತಿಂದಳು. ಸಾಲದೆಂದು ಮಸಾಲೆ ದೋಸೆ ಹೇಳಿದಳು. ಅವಳಮ್ಮನ ಹಾಗೆಯೇ ಚಟ್ನಿಯನ್ನು ಮೊದಲು ನೆಕ್ಕಿ ಖಾಲಿ ಮಾಡಿ, ಇನ್ನಷ್ಟು ಹಾಕಿ ಎಂದು ಕೇಳಿದಳು. ನಂಜನಗೂಡಿನ ಬಸ್ಸು ಬಂತು, ಹೊರಟು ಹೋಯಿತು. ನಾನು ಅವಳನ್ನು ಎಬ್ಬಿಸಲಿಲ್ಲ. ಎದುರಿಗೆ ಕೂತು, ಅವಳು ತಿನ್ನುವುದನ್ನು ತಟ್ಟೆ ಖಾಲಿಯಾಗುವವರೆಗೂ ನೋಡಿದೆ.